ಶ್ರೋತೃಚಿಂತನೆ

ಗ್ರೀಸಿನ ಡೆಮಾಸ್ತನೀಸನು ನಾಲಗೆಯ ತೊದಲನ್ನು ತಿದ್ದಿಕೊಳ್ಳಲು ಬಾಯಲ್ಲಿ ಬೆಣಚುಕಲ್ಲುಗಳನ್ನಿರಿಸಿಕೊಂಡು, ಕಡಲ ಮೊರೆತಕ್ಕೆದುರಾಗಿ ಭಾಷಣವನ್ನು ಅಭ್ಯಸಿಸಿದನೆಂದು ಪ್ರಾಚೀನರು ಹೇಳಿರುವುದನ್ನು ಓದಿದಾಗಲೆಲ್ಲ, ಎದ್ದುಹೋಗಲು ಕಾಲಿಲ್ಲದ ಅಂಥ ಶ್ರೋತೃವು ನಮ್ಮ ವಾಗ್ಮಿಗಳಿಗೆ ಲಭಿಸಲಿಲ್ಲವಲ್ಲಾ ಎಂದು ಮರುಗುತ್ತೇನೆ. ಅರಿಸ್ಟಾಟಲನಾದರೋ ಜಾಣ, ತನ್ನ ವಾಕ್ಶಾಸ್ತ್ರದ ಎರಡನೆಯ ಭಾಗದಲ್ಲಿ ಕೇಳುವವರ ಕೋಪ, ಭಯ, ಕರುಣೆಗಳನ್ನೂ, ತರುಣರು ಆಶೆಯಲ್ಲಿಯೂ ವೃದ್ಧರು ನೆನಪಿನಲ್ಲಿಯೂ ಬಾಳುವ ಬಗೆಯನ್ನೂ ವಿಸ್ತರಿಸಿದನು. ಆದರೆ ಸಭೆಯ ಬಳಿಕ ಉಪಾಹಾರವುಂಟೆಂದು ಬಲ್ಲವರಾಗಿ, ಹಿಂಬದಿಯ ಒಗ್ಗರಣೆಯ ಪರಿಮಳವನ್ನೇ ಏಕಾಗ್ರಚಿತ್ತದಿಂದ ಆಘ್ರಾಣಿಸುವ ಸಭಿಕರನ್ನು (ನಮ್ಮಲ್ಲಿ ಅವರೇ ಬಹುಸಂಖ್ಯಾತರು) ಆ ಮಹಾಶಯನು ಕಂಡಿರಲಾರನು. ಭಾಷಣವನ್ನು ಕಲಿಯಹೊರಟವನು ಕನ್ನಡಿಯೆದುರು ಕೈಬೀಸುವುದನ್ನು ಬಿಟ್ಟು, ಕಡೆಯ ಸಾಲಿನಲ್ಲಿ ಕುಳಿತು, ವಕ್ತಾರರು ‘ಕೊನೆಯದಾಗಿ ಒಂದು ಮಾತು’ ಎಂದಾಗ ಎಷ್ಟು ಜನ ಚಪ್ಪಲಿಗಾಗಿ ಕಾಲಾಡಿಸುವರೆಂಬುದನ್ನೂ, ಅದನ್ನೇ ಮೂರನೆಯ ಸಲ ನುಡಿದಾಗ ಎಷ್ಟು ಜನ ಮರಳಿ ಕುರ್ಚಿಗೊರಗುವರೆಂಬುದನ್ನೂ ಲಕ್ಷಿಸುವುದು ಮೇಲು.