ಮಡಿ ಟೆನಿಸ್, ಮೈಲಿಗೆ ಟೆನಿಸ್

ಟೆನಿಸ್ ಆಡಿ ದುಡ್ಡು ತೆಗೆದುಕೊಂಡರೆ ಮೈಲಿಗೆ. ಟೆನಿಸ್ ಆಡಿಸಿ ದುಡ್ಡು ತೆಗೆದುಕೊಂಡರೆ ಮಡಿ. 1968ರವರೆಗೆ ವಿಂಬಲ್ಡನ್ ಸೇರಿದಂತೆ ಜಗತ್ತಿನ ದೊಡ್ಡ ಟೂರ್ನಿಗಳೆಲ್ಲ ನಡೆದದ್ದು ಈ ಧರ್ಮಶಾಸ್ತ್ರದ ಪ್ರಕಾರ.

ಟಿಕೆಟ್ ಮಾರುವವನಿಗೆ ದುಡ್ಡು ಬೇಕು. ಚೆಂಡು ಮಾರುವವನಿಗೆ ಬೇಕು. ಸ್ಟ್ರಾಬೆರಿ ಮಾರುವವನಿಗೂ ಬೇಕು. ಬಿಸಿಲಲ್ಲಿ ಐದು ಸೆಟ್ ಓಡುವವನಿಗೆ ಮಾತ್ರ ಬೇಡ. ಅವನಿಗೆ ಆಟದ ಮೇಲೆ ಪ್ರೀತಿ ಇದ್ದರೆ ಸಾಕು. ಪ್ರೀತಿಯಿಂದ ಮನೆ ಬಾಡಿಗೆ ಕಟ್ಟಲಾಗದವನು ಈ ಕಡೆ ಸುಳಿಯಲೇಬಾರದು. ನಿಯಮದ ಅಸಲಿ ಉದ್ದೇಶವೂ ಅದೇ. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

1922ರಲ್ಲಿ ವಿಂಬಲ್ಡನ್ ಕ್ಲಬ್ ಹಳೆಯ ಜಾಗ ಸಾಲದೆ ಚರ್ಚ್ ರೋಡಿಗೆ ಹೋಯಿತು. ಜಾಗ ಸಾಲದಂತೆ ಮಾಡಿದವರಲ್ಲಿ ಮೊದಲಿಗಳು ಫ್ರಾನ್ಸಿನ ಸುಝಾನ್ ಲೆಂಗ್ಲೆನ್. ಆಕೆಯನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಗಲ್ಲಾಪೆಟ್ಟಿಗೆ ತುಂಬುತ್ತಿತ್ತು. ಆರು ಸಲ ಸಿಂಗಲ್ಸ್ ಗೆದ್ದಳು. ಕೈಗೆ ಬಂದದ್ದು ಚಪ್ಪಾಳೆ.

1926ರಲ್ಲಿ ಸಿ.ಸಿ. ಪೈಲ್ ಎಂಬ ಅಮೆರಿಕದ ವ್ಯವಹಾರಸ್ಥ 50,000 ಡಾಲರ್ ಮುಂದಿಟ್ಟ. ಆಕೆ ಒಪ್ಪಿದಳು. ಊರೂರು ತಿರುಗಿ ಮೇರಿ ಬ್ರೌನ್ ಎದುರು 38 ಪಂದ್ಯ ಆಡಿದಳು, 38ನ್ನೂ ಗೆದ್ದಳು. ವಿಂಬಲ್ಡನ್ ಕ್ಲಬ್ ಆಕೆಯ ಗೌರವ ಸದಸ್ಯತ್ವ ಕಿತ್ತುಕೊಂಡಿತು. ಆಕೆಯ ಹೆಸರಿನಲ್ಲಿ ಮಾರಿದ ಟಿಕೆಟ್ಟಿನ ದುಡ್ಡನ್ನು ಯಾರೂ ವಾಪಸ್ ಕೊಟ್ಟ ದಾಖಲೆಯಿಲ್ಲ.

ಅಮೆರಿಕದ ಆಟಗಾರ ಬಿಲ್ ಟಿಲ್ಡನ್‌ನ ಕತೆ ಇನ್ನೂ ರುಚಿಕಟ್ಟು. 1928ರಲ್ಲಿ ಅಮೆರಿಕದ ಟೆನಿಸ್ ಸಂಘ ಅವನನ್ನು ಅಮಾನತು ಮಾಡಿತು. ಮಾಡಿದ ಅಪರಾಧ? ವಿಂಬಲ್ಡನ್ ಬಗ್ಗೆ ಪತ್ರಿಕೆಗೆ ಬರೆದು ಸಂಭಾವನೆ ಪಡೆದದ್ದು. ರ‍್ಯಾಕೆಟ್ ಬಿಟ್ಟು ಪೆನ್ನು ಹಿಡಿದು ಸಂಪಾದಿಸಿದರೂ ಮೈಲಿಗೆಯೇ.

ಅದೇ ಹೊತ್ತಿಗೆ ಪ್ಯಾರಿಸ್‌ನಲ್ಲಿ ಡೇವಿಸ್ ಕಪ್ ಅಂತಿಮ ಹಣಾಹಣಿ. ಫ್ರೆಂಚರು ಅದಕ್ಕೆಂದೇ ರೋಲ್ಯಾಂಡ್ ಗ್ಯಾರೋಸ್ ಕ್ರೀಡಾಂಗಣ ಕಟ್ಟಿಸಿ ಕೂತಿದ್ದರು. ಟಿಲ್ಡನ್ ಇಲ್ಲದ ಅಮೆರಿಕ ತಂಡವನ್ನು ನೋಡಲು ಯಾರು ಬರುತ್ತಾರೆ? ಗದ್ದಲವೆದ್ದಿತು. ಅಮೆರಿಕದ ರಾಯಭಾರಿ ಮೈರನ್ ಹೆರಿಕ್ ನಡುವೆ ಬಂದ. ಅಮಾನತು ಮಾಯ! ಟಿಲ್ಡನ್ ಆಡಿದ. ಫ್ರಾನ್ಸಿನ ಲಕಾಸ್ಟ್‌ನನ್ನು ಸೋಲಿಸಿದ. ಕಪ್ ಫ್ರಾನ್ಸಿಗೇ ಹೋಯಿತು, ಅದು ಬೇರೆ ಮಾತು. ಪ್ರೇಕ್ಷಕರು ಮನೆ ಸೇರಿದ ಮೇಲೆ ಸಂಘಕ್ಕೆ ಮತ್ತೆ ಧರ್ಮ ನೆನಪಾಯಿತು. ಆ ವರ್ಷದ ಅಮೆರಿಕನ್ ಚಾಂಪಿಯನ್‌ಶಿಪ್‌ಗೆ ಟಿಲ್ಡನ್ ಮತ್ತೆ ಅಮಾನತು.

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಇವರು ಬದನೆಕಾಯಿ ತಿನ್ನಲು ಅಟ್ಲಾಂಟಿಕ್ ದಾಟಿದರು.

1930ರಲ್ಲಿ ಮತ್ತೊಮ್ಮೆ ವಿಂಬಲ್ಡನ್ ಗೆದ್ದ ಟಿಲ್ಡನ್, ಆ ವರ್ಷದ ಕೊನೆಯ ದಿನ ಸಾಕಪ್ಪಾ ಸಾಕು ಎಂದು ದುಡ್ಡಿಗೆ ಆಡುವ ವೃತ್ತಿಪರನಾದ. ಆಗ ವಯಸ್ಸು 37.

ಫ್ರೆಡ್ ಪೆರ್ರಿಗೆ ಬರೋಣ. ಇವನು ಇಂಗ್ಲೆಂಡಿನವನೇ, ಆದರೆ ‘ನಮ್ಮವನು’ ಅಲ್ಲ. ಅಪ್ಪ ಲೇಬರ್ ಪಕ್ಷದ ಕಡೆಯಿಂದ ಸಂಸದನಾಗಿದ್ದವನು, ಕಾರ್ಮಿಕ ಹಿನ್ನೆಲೆಯವನು. 1934ರಲ್ಲಿ ಪೆರ್ರಿ ವಿಂಬಲ್ಡನ್ ಗೆದ್ದಾಗ ಕ್ಲಬ್ಬಿನ ದೊಡ್ಡವರೊಬ್ಬರು ಸೋತ ಆಸ್ಟ್ರೇಲಿಯನ್ ಜ್ಯಾಕ್ ಕ್ರಾಫರ್ಡ್‌ನನ್ನು ಸಂತೈಸುತ್ತಿದ್ದರಂತೆ. ಸದಸ್ಯತ್ವದ ಟೈ ಪೆರ್ರಿಯ ಕೊರಳಿಗೆ ಬರಲಿಲ್ಲ. ಕುರ್ಚಿಯ ಮೇಲೆ ಬಿದ್ದಿತ್ತಂತೆ. ಇದನ್ನು ಹೇಳಿಕೊಂಡವನು ಪೆರ್ರಿಯೇ.

ಅವನು 1935ರಲ್ಲೂ ಗೆದ್ದ, 1936ರಲ್ಲೂ ಗೆದ್ದ. ಆಮೇಲೆ ವೃತ್ತಿಪರನಾದ. ಕೊಟ್ಟ ಟೈಯನ್ನೂ ಕ್ಲಬ್ ವಾಪಸ್ ಪಡೆಯಿತು. 1984ರಲ್ಲಿ ಅದೇ ಕ್ಲಬ್ ಅದೇ ಪೆರ್ರಿಯ ಪ್ರತಿಮೆ ನಿಲ್ಲಿಸಿತು. ಯಾಕೆ ಬೇಕಾಯಿತು ಎಂದು ಕೇಳಬೇಡಿ. ಅವನ ನಂತರ ಬ್ರಿಟನ್ನಿನ ಗಂಡಸೊಬ್ಬ ಅಲ್ಲಿ ಸಿಂಗಲ್ಸ್ ಗೆಲ್ಲಲು 2013 ಬರಬೇಕಾಯಿತು. ಮಧ್ಯದ 77 ವರ್ಷ ತೋರಿಸುವುದಕ್ಕೆ ಬೇರೆ ಯಾರಿದ್ದರು?

ಹಾಗಾದರೆ ಮಡಿಯಲ್ಲಿದ್ದವರು ಉಪವಾಸ ಆಡುತ್ತಿದ್ದರೇ? ಎಲ್ಲಿಯ ಮಾತು ಮಾರಾಯ್ರೆ. ಟಿಎ-ಡಿಎ ಹೆಸರಿನಲ್ಲಿ ಲಕೋಟೆ ಬರುತ್ತಿತ್ತು. ಒಂದು ಊರಿನ ಪ್ರಯಾಣ ವೆಚ್ಚವನ್ನು ಎರಡು ಟೂರ್ನಿಗಳು ಕೊಡುತ್ತಿದ್ದವು. ಕ್ರೀಡಾ ಸಾಮಗ್ರಿ ಕಂಪನಿಗಳಲ್ಲಿ ‘ನೌಕರಿ’ ಇತ್ತು. ಲಕೋಟೆ ಕೊಡುತ್ತಿದ್ದವರು ಯಾರು? ವೃತ್ತಿಪರರನ್ನು ಹೊರಗಿಟ್ಟ ಅದೇ ಪದಾಧಿಕಾರಿಗಳು. ರಸೀದಿ ಇಲ್ಲದ ದುಡ್ಡಿಗೆ ಮೈಲಿಗೆ ತಗಲುವುದಿಲ್ಲ. ಇದನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರಸೀದಿ ಕೊಟ್ಟು ದುಡ್ಡು ಪಡೆದವರ ಪಾಡು ನೋಡಿ. ಕ್ಯಾನ್ವಾಸ್ ಅಂಗಳವನ್ನು ಲಾರಿಗೆ ಹೇರಿಕೊಂಡು ಹೋಗಬೇಕು. ಇವತ್ತು ಒಂದು ಊರಿನ ವ್ಯಾಯಾಮಶಾಲೆ, ನಾಳೆ ಇನ್ನೊಂದು ಊರಿನ ಐಸ್ ಹಾಕಿ ಅಂಗಳ. ಪಂದ್ಯ ಮುಗಿಸಿ ರಾತ್ರಿಯಿಡೀ ಕಾರು ಓಡಿಸಬೇಕು. ಎದುರಾಳಿಯೂ ದಿನಾ ಅವನೇ. 1963ರಲ್ಲಿ ಫಾರೆಸ್ಟ್ ಹಿಲ್ಸ್‌ನಲ್ಲಿ ನಡೆದ ಅಮೆರಿಕನ್ ವೃತ್ತಿಪರ ಚಾಂಪಿಯನ್‌ಶಿಪ್ ಗೆದ್ದ ಕೆನ್ ರೋಸ್‌ವಾಲ್‌ಗೆ ಬಹುಮಾನದ ಹಣವೇ ಸಿಗಲಿಲ್ಲ. ಸಂಘಟಕರ ಕೈ ಖಾಲಿ. ದುಡ್ಡಿಗಾಗಿ ಆಡುತ್ತಾನೆ ಎಂಬ ಬೈಗುಳ ಮಾತ್ರ ಪೂರ್ತಿ ಸಂದಾಯವಾಗಿತ್ತು.

ಆಲ್ಥಿಯಾ ಗಿಬ್ಸನ್ 1957ರಲ್ಲೂ 1958ರಲ್ಲೂ ವಿಂಬಲ್ಡನ್ ಗೆದ್ದ ಕಪ್ಪು ಹೆಣ್ಣುಮಗಳು. ರಾಣಿಯ ಕೈಯಿಂದ ಬಹುಮಾನ, ನ್ಯೂಯಾರ್ಕ್ ಬೀದಿಯಲ್ಲಿ ಮೆರವಣಿಗೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ವೃತ್ತಿಪರಳಾದ ಮೇಲೆ ಆಕೆ ಆಡಿದ್ದು ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡದ ಬ್ಯಾಸ್ಕೆಟ್‌ಬಾಲ್ ಪ್ರದರ್ಶನದ ಜೊತೆಗೆ.

ಜನ ಬರುತ್ತಿರಲಿಲ್ಲ ಎನ್ನಬೇಡಿ. 1947ರ ಡಿಸೆಂಬರ್ 26ರಂದು ನ್ಯೂಯಾರ್ಕ್ ಹಿಮದಲ್ಲಿ ಹೂತುಹೋಗಿತ್ತು. ಅವತ್ತು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವೃತ್ತಿಪರರಾದ ಜ್ಯಾಕ್ ಕ್ರೇಮರ್ ಮತ್ತು ಬಾಬಿ ರಿಗ್ಸ್ ಆಟ. ಕಾರು, ಬಸ್ಸು ನಿಂತುಹೋದ ಊರಿನಲ್ಲಿ 15,114 ಜನ ಬಂದರು. ಮೈಲಿಗೆ ಟೆನಿಸ್ ನೋಡಲು.

ಮುಂದೆ ಕ್ರೇಮರ್ ತಾನೇ ಸಂಘಟಕನಾದ. ವೃತ್ತಿಪರರ ಅಂಗಳದಲ್ಲೂ ಧರ್ಮಸೂಕ್ಷ್ಮ ಇದ್ದೇ ಇತ್ತು. ಪಾಂಚೋ ಗೊನ್ಸಾಲೆಸ್‌ನನ್ನು ಕೇಳಬೇಕಿತ್ತು. ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ಕುಟುಂಬ, ಅಪ್ಪನಿಗೆ ಬಣ್ಣ ಬಳಿಯುವ ಕೆಲಸ. ಶಾಲೆಗೆ ಚಕ್ಕರ್ ಹಾಕಿದ ಎಂದು ಕಿರಿಯರ ಟೂರ್ನಿಗಳಿಂದ ಸ್ಥಳೀಯ ಸಂಘ ಹೊರಗಿಟ್ಟ ಹುಡುಗ. ಅವನು 1948, 1949ರಲ್ಲಿ ಅಮೆರಿಕನ್ ಚಾಂಪಿಯನ್ ಆಗಿ, ಆಮೇಲೆ ಐವತ್ತರ ದಶಕದಲ್ಲಿ ವೃತ್ತಿಪರರಲ್ಲಿ ಎದುರಿಲ್ಲದವನಾದ.

1955ರಲ್ಲಿ ವಿಂಬಲ್ಡನ್ ಗೆದ್ದು ಬಂದ ಟೋನಿ ಟ್ರಾಬರ್ಟ್‌ನನ್ನು ಗೊನ್ಸಾಲೆಸ್ ಪಂದ್ಯಗಳ ಸರಣಿಯಲ್ಲಿ 74-27ರಿಂದ ಹಣಿದ. ಗೊನ್ಸಾಲೆಸ್‌ಗೆ ಖಾತರಿಯಾಗಿದ್ದದ್ದು 15,000 ಡಾಲರ್. ಸೋತವನಿಗೆ ಅದರ ಐದು ಪಟ್ಟು. ಯಾಕೆಂದರೆ ಟ್ರಾಬರ್ಟ್‌ಗೆ ವಿಂಬಲ್ಡನ್ ಮುದ್ರೆ ಬಿದ್ದಿತ್ತು. ಮೈಲಿಗೆಯವರ ಸಂತೆಯಲ್ಲೂ ಬೆಲೆ ಕಟ್ಟುತ್ತಿದ್ದದ್ದು ಮಡಿಯವರ ತಕ್ಕಡಿಯಲ್ಲೇ.

ಗೊನ್ಸಾಲೆಸ್ ವಿಂಬಲ್ಡನ್ ಸಿಂಗಲ್ಸ್ ಗೆಲ್ಲಲೇ ಇಲ್ಲ. ತನ್ನ ಕೈ ಪಳಗಿದ ವರ್ಷಗಳಲ್ಲಿ ಅವನು ಆ ಗೇಟು ದಾಟುವಂತಿರಲಿಲ್ಲ. ಕೊನೆಗೂ ಬಾಗಿಲು ತೆರೆದಾಗ ನಲವತ್ತು ತುಂಬಿತ್ತು. 1969ರಲ್ಲಿ, 41ರ ವಯಸ್ಸಿನಲ್ಲಿ, ಚಾರ್ಲಿ ಪಾಸರೆಲ್ ಎಂಬ ಹುಡುಗನೆದುರು ಮೊದಲ ಎರಡು ಸೆಟ್ ಸೋತ. ಕತ್ತಲಾಗುತ್ತಿದೆ, ಆಟ ನಿಲ್ಲಿಸಿ ಎಂದು ಕೂಗಾಡಿದ. ಪ್ರೇಕ್ಷಕರು ಗೇಲಿ ಮಾಡಿದರು. ಮರುದಿನ ಬಂದು ಮೂರೂ ಸೆಟ್ ಗೆದ್ದ. 22-24, 1-6, 16-14, 6-3, 11-9. ಒಟ್ಟು 112 ಗೇಮ್. ಇಷ್ಟು ವರ್ಷ ಏನನ್ನು ಹೊರಗಿಟ್ಟಿದ್ದೆವು ಎಂದು ಕ್ಲಬ್ಬಿನವರಿಗೆ ಅಂದು ಹೊಳೆಯಿತೋ ಇಲ್ಲವೋ. ಎರಡು ವರ್ಷದ ನಂತರ ಟೈಬ್ರೇಕ್ ತಂದರು. ಇಂಥ ಪಂದ್ಯ ಇನ್ನೊಮ್ಮೆ ಆಗದಿರಲಿ ಎಂದು.

ಈಗ ಲೆಕ್ಕದ ಪುಸ್ತಕ. ಆಸ್ಟ್ರೇಲಿಯಾದ ರಾಡ್ ಲೇವರ್ 1962ರಲ್ಲಿ ನಾಲ್ಕೂ ದೊಡ್ಡ ಪ್ರಶಸ್ತಿ ಗೆದ್ದ. ಗ್ರ್ಯಾಂಡ್ ಸ್ಲ್ಯಾಮ್! ಜಗತ್ತಿನ ನಂಬರ್ ಒನ್! 1963ರ ಜನವರಿಯಲ್ಲಿ ವೃತ್ತಿಪರನಾಗಿ ಲೂ ಹೋಡ್ ಎದುರು ಎಂಟು ಪಂದ್ಯ ಆಡಿದ. ಎಂಟನ್ನೂ ಸೋತ. ರೋಸ್‌ವಾಲ್ ಎದುರು ಹದಿಮೂರರಲ್ಲಿ ಹನ್ನೊಂದು ಸೋತ. ನಂಬರ್ ಒನ್ ಎಂದು ಬಿರುದು ಕೊಟ್ಟಿದ್ದ ಟೂರ್ನಿಗಳಲ್ಲಿ ನಂಬರ್ ಒನ್ ಆಡುತ್ತಲೇ ಇರಲಿಲ್ಲ ಎಂಬುದು ಹೀಗೆ ಸಾಬೀತಾಯಿತು. ಲೇವರ್ ಬೇಗ ಕಲಿತು ಎಲ್ಲರನ್ನೂ ಮೀರಿಸಿದ. ಸಂಘಗಳು ಏನನ್ನೂ ಕಲಿಯಲಿಲ್ಲ.

ಲೇವರ್ ಐದು ವರ್ಷ ಹೊರಗಿದ್ದ. ಆ ಐದು ವರ್ಷಗಳಲ್ಲಿ ಅವನದೇ ದೇಶದ ರಾಯ್ ಎಮರ್ಸನ್ ಹತ್ತು ದೊಡ್ಡ ಪ್ರಶಸ್ತಿ ಗೆದ್ದ. ಒಟ್ಟು ಹನ್ನೆರಡು, ಗಂಡಸರಲ್ಲಿ ಆಗ ವಿಶ್ವದಾಖಲೆ. ಎಮರ್ಸನ್ ಒಳ್ಳೆಯ ಆಟಗಾರ, ಅವನ ಮೇಲೆ ಸಿಟ್ಟಿಲ್ಲ. 2000ದಲ್ಲಿ ಪೀಟ್ ಸಾಂಪ್ರಾಸ್ ಆ ದಾಖಲೆ ಮುರಿದಾಗ ಜಗತ್ತೆಲ್ಲ ಕುಣಿಯಿತಲ್ಲ, ಅದನ್ನು ನೋಡಿ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಲೇವರ್ 11. ಹನ್ನೊಂದು ವರ್ಷ ಹೊರಗಿದ್ದ ರೋಸ್‌ವಾಲ್ 8. ಹದಿನೆಂಟು ವರ್ಷ ಹೊರಗಿದ್ದ ಗೊನ್ಸಾಲೆಸ್ 2. ಈ ಪಟ್ಟಿ ಹಿಡಿದುಕೊಂಡೇ ಇವತ್ತಿಗೂ ಟಿವಿ ಪಂಡಿತರು ಸಾರ್ವಕಾಲಿಕ ಶ್ರೇಷ್ಠರನ್ನು ಎಣಿಸುತ್ತಾರೆ. ಎರಡು ಗೆದ್ದವನನ್ನು ಯಾರು ಕೇಳುತ್ತಾರೆ?

ನಮ್ಮ ರಾಮನಾಥನ್ ಕೃಷ್ಣನ್ ಅವರಿಗೂ ಕ್ರೇಮರ್‌ನಿಂದ ಕರೆ ಬಂದಿತ್ತು. ಅವರು 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದ್ದವರು, 1959ರಲ್ಲಿ ಡೇವಿಸ್ ಕಪ್‌ನಲ್ಲಿ ಲೇವರ್‌ನನ್ನೇ ಸೋಲಿಸಿದ್ದವರು. ಮೊತ್ತ ದೊಡ್ಡದಿತ್ತು. ಕೃಷ್ಣನ್ ಒಲ್ಲೆ ಎಂದರು. ಒಪ್ಪಿದ್ದರೆ ಡೇವಿಸ್ ಕಪ್‌ನಲ್ಲಿ ದೇಶಕ್ಕೆ ಆಡುವಂತಿರಲಿಲ್ಲ. 1966ರಲ್ಲಿ ಅವರ ಆಟದ ಬಲದಲ್ಲಿ ಭಾರತ ಅಂತಿಮ ಸುತ್ತಿಗೆ ಹೋದದ್ದೂ ನಡೆಯುತ್ತಿರಲಿಲ್ಲ. ಸಂಬಳ ಬೇಕೋ ದೇಶ ಬೇಕೋ? ಈ ಪ್ರಶ್ನೆಯನ್ನು ಆಟಗಾರನಿಗೆ ಮಾತ್ರ ಕೇಳುತ್ತಿದ್ದರು.

1960ರಲ್ಲೇ ಇದೆಲ್ಲ ಮುಗಿಯಬಹುದಿತ್ತು. ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಸಂಘದ ಸಭೆ. ಎಲ್ಲರೂ ಒಟ್ಟಿಗೆ ಆಡಲಿ ಎಂಬ ಪ್ರಸ್ತಾವಕ್ಕೆ ಮೂರನೇ ಎರಡರಷ್ಟು ಬಹುಮತ ಬೇಕು. ಐದು ಮತ ಕಡಿಮೆ ಬಿತ್ತು. ಮತದಾನದ ಹೊತ್ತಿಗೆ ಒಬ್ಬ ಶೌಚಾಲಯದಲ್ಲಿದ್ದ, ಇನ್ನೊಬ್ಬ ನಿದ್ದೆ ಹೋಗಿದ್ದ ಎಂಬ ಕತೆ ಇದೆ. ಕತೆ ನಿಜವೋ ಸುಳ್ಳೋ, ಟೆನಿಸ್ ಚರಿತ್ರೆಯ ಎಂಟು ವರ್ಷ ಮಾತ್ರ ನಿಜವಾಗಿಯೂ ಹೋಯಿತು.

ಮನಸ್ಸು ಬದಲಾಯಿಸಿದ್ದು ಆತ್ಮಸಾಕ್ಷಿಯಲ್ಲ, ಟಿವಿ. 1967ರ ಆಗಸ್ಟ್‌ನಲ್ಲಿ ಬಿಬಿಸಿಯ ದುಡ್ಡಿನಲ್ಲಿ ವೃತ್ತಿಪರರ ಟೂರ್ನಿ ವಿಂಬಲ್ಡನ್ ಅಂಗಳದಲ್ಲೇ ನಡೆಯಿತು. ಫೈನಲ್‌ನಲ್ಲಿ ಲೇವರ್ ರೋಸ್‌ವಾಲ್‌ನನ್ನು ಸೋಲಿಸಿದ. ಹುಲ್ಲು ಬಾಡಲಿಲ್ಲ. ಛಾವಣಿ ಕುಸಿಯಲಿಲ್ಲ. ಹವ್ಯಾಸಿ ಟೆನಿಸ್ ಒಂದು ಸುಳ್ಳಿನ ಬಾಳು ಎಂದು ಕ್ಲಬ್ಬಿನ ಅಧ್ಯಕ್ಷ ಹರ್ಮನ್ ಡೇವಿಡ್ ಅವರೇ ಹೇಳಿದರು. 1968ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಸಂಘವೂ ತಲೆಯಾಡಿಸಿತು.

ಆದರೆ ಅಷ್ಟು ಸುಲಭಕ್ಕೆ ಮಡಿ ಬಿಡುತ್ತಾರೆಯೇ? ಗುತ್ತಿಗೆ ವೃತ್ತಿಪರ, ನೋಂದಾಯಿತ ಆಟಗಾರ, ಹವ್ಯಾಸಿ ಎಂದು ಜಾತಿ, ಉಪಜಾತಿ ಮಾಡಿದರು. ಏಪ್ರಿಲ್‌ನಲ್ಲಿ ಬೋರ್ನ್‌ಮತ್‌ನಲ್ಲಿ ನಡೆದ ಮೊಟ್ಟಮೊದಲ ಮುಕ್ತ ಟೂರ್ನಿಯಲ್ಲಿ ಗೆದ್ದ ರೋಸ್‌ವಾಲ್ 1,000 ಪೌಂಡ್ ಪಡೆದ. ಮಹಿಳೆಯರಲ್ಲಿ ಗೆದ್ದ ವರ್ಜೀನಿಯಾ ವೇಡ್ ಇನ್ನೂ ಹವ್ಯಾಸಿ. 300 ಪೌಂಡ್ ಮುಟ್ಟಲಿಲ್ಲ. ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ಓಪನ್ ಗೆದ್ದದ್ದು ಸೈನ್ಯದಲ್ಲಿದ್ದ ಆರ್ಥರ್ ಆ್ಯಶ್. ಹವ್ಯಾಸಿ, ಹಾಗಾಗಿ ದಿನಭತ್ಯೆ ಮಾತ್ರ. 14,000 ಡಾಲರ್ ಚೆಕ್ಕು ಹೋದದ್ದು ಫೈನಲ್‌ನಲ್ಲಿ ಸೋತ ಟಾಮ್ ಓಕರ್‌ಗೆ. ಓಕರ್ ‘ನೋಂದಾಯಿತ’. ಗೆದ್ದವನಿಗೆ ಬಟ್ಟಲು, ಸೋತವನಿಗೆ ಬ್ಯಾಂಕು. ಇದನ್ನು ಸುಧಾರಣೆ ಎಂದು ಕರೆದರು.

ಇನ್ನು ಕ್ರೇಮರ್. ಇಪ್ಪತ್ತು ವರ್ಷ ಕಮಿಟಿಗಳ ವಿರುದ್ಧ ಗುದ್ದಾಡಿದವನು, ಆಟಗಾರನಿಗೆ ಕೂಲಿ ಸಿಗಬೇಕು ಎಂದವನು. 1970ರಲ್ಲಿ ಅವನೇ ಲಾಸ್ ಏಂಜಲೀಸ್‌ನಲ್ಲಿ ಟೂರ್ನಿ ನಡೆಸಿದ. ಗಂಡಸರಲ್ಲಿ ಗೆದ್ದವನಿಗೆ 12,500 ಡಾಲರ್. ಹೆಂಗಸರಲ್ಲಿ ಗೆದ್ದವಳಿಗೆ 1,500. ಅಂಗಳ ಒಂದೇ, ಚೆಂಡು ಒಂದೇ, ಟಿಕೆಟ್ ಕೊಂಡ ಜನವೂ ಒಂದೇ.

ಬಿಲ್ಲಿ ಜೀನ್ ಕಿಂಗ್ ಮತ್ತು ಇತರ ಎಂಟು ಆಟಗಾರ್ತಿಯರು ಎದ್ದು ಹೋದರು. ಹ್ಯೂಸ್ಟನ್‌ನಲ್ಲಿ ತಲಾ ಒಂದು ಡಾಲರ್‌ನ ಕರಾರಿಗೆ ಸಹಿ ಹಾಕಿ ತಮ್ಮದೇ ಟೂರ್ನಿ ಆಡಿದರು. ಅಮೆರಿಕದ ಸಂಘ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿತು: ಅಮಾನತು. 1973ರಲ್ಲಿ ಅಮೆರಿಕನ್ ಓಪನ್ ಸಮಾನ ಬಹುಮಾನ ಕೊಟ್ಟಿತು. 2006ರಲ್ಲಿ ಅದೇ ಸಂಘ ನ್ಯೂಯಾರ್ಕ್‌ನ ತನ್ನ ಟೆನಿಸ್ ಕೇಂದ್ರಕ್ಕೆ ಆ ಅಮಾನತಾದ ಹೆಣ್ಣುಮಗಳ ಹೆಸರನ್ನೇ ಇಟ್ಟಿತು. ವಿಂಬಲ್ಡನ್ ಸಮಾನ ಬಹುಮಾನಕ್ಕೆ ಒಪ್ಪಿದ್ದು 2007ರಲ್ಲಿ, 34 ವರ್ಷ ತಡವಾಗಿ. ಪೆರ್ರಿಗೆ ಪ್ರತಿಮೆ ನಿಲ್ಲಿಸಲು ಹಿಡಿದ ಕಾಲಕ್ಕೆ ಹೋಲಿಸಿದರೆ ಸ್ವಲ್ಪ ಅವಸರವೇ ಆಯಿತು.