ಆಗುಂಬೆಯ ಅಸ್ತಮಾನ ಪಂಡಿತರು

ಡಿಸೆಂಬರಿನ ಯಾವುದೇ ಭಾನುವಾರ ಸಂಜೆ ಐದೂವರೆಗೆ ಆಗುಂಬೆಯ ಸನ್‌ಸೆಟ್ ಪಾಯಿಂಟಿಗೆ ಹೋಗಿ ನೋಡಿ, ಇವರು ಸಿಕ್ಕೇ ಸಿಗುತ್ತಾರೆ. ಅರವತ್ತರ ಆಸುಪಾಸು, ತಲೆಗೆ ಮಫ್ಲರ್, ಕಾಲಿಗೆ ಮಗ ಬಿಟ್ಟುಹೋದ ಸ್ಪೋರ್ಟ್ಸ್ ಶೂ, ಕೊರಳಲ್ಲಿ ದಾರ ಕಟ್ಟಿ ಇಳಿಬಿಟ್ಟ ಫೋನು. ಹೆಸರು ಏನಾದರೂ ಇರಲಿ, ನಾನು ಪಂಡಿತರು ಅಂತಲೇ ಕರೆಯುವುದು. 14 ತಿರುವು ಹತ್ತಿ ಹೊಟ್ಟೆ ತೊಳಸುತ್ತ ಬಂದ ಕರಾವಳಿಯವರಿರಲಿ, ತೀರ್ಥಹಳ್ಳಿ ಕಡೆಯಿಂದ ಆರಾಮಾಗಿ ಬಂದವರಿರಲಿ, ಫೋನು ಎತ್ತಿದವರೆಲ್ಲ ಅವರ ಶಿಷ್ಯರೇ.

“ತಮ್ಮಾ, ಮೊದಲು ಲೆನ್ಸ್ ಒರೆಸು.”

ತಮ್ಮ ಆಗಷ್ಟೇ ಬಜ್ಜಿ ತಿಂದು ಮುಗಿಸಿದ್ದಾನೆ. ಪಂಡಿತರು ಫೋನನ್ನೇ ಇಸಕೊಂಡು ತಮ್ಮ ಅಂಗಿಯ ಚುಂಗಿನಲ್ಲಿ ತಿಕ್ಕಿ ಕೊಡುತ್ತಾರೆ. ಸೂರ್ಯನ ಸುತ್ತ ಎದ್ದಿದ್ದ ಪ್ರಭಾವಳಿ ಮಾಯ. ಅದು ಮಂಜಲ್ಲ, ಬಜ್ಜಿಯ ಎಣ್ಣೆ.

ಅವರು ಹೇಳುವುದೆಲ್ಲ ಸರಿಯಾಗಿರುತ್ತದೆ. ಸಹಿಸಲು ಕಷ್ಟವಾಗುವುದೂ ಅದೇ. ಪಕ್ಕದಲ್ಲಿ ಹೊಸ ಜೋಡಿ. ಗಂಡ ಎರಡು ಬೆರಳಲ್ಲಿ ಸೂರ್ಯನನ್ನು ಹಿಗ್ಗಿಸುತ್ತಿದ್ದಾನೆ. “ಜೂಮ್ ಬೇಡಪ್ಪಾ! ಅದು ಹತ್ತಿರ ಹೋಗೋದಲ್ಲ, ಇದ್ದದ್ದನ್ನೇ ಕತ್ತರಿಸಿ ಎಳೆಯೋದು.” ಆಕಾಶದಲ್ಲಿ ಸೂರ್ಯನ ಅಗಲ ಬರೀ ಅರ್ಧ ಡಿಗ್ರಿ. ಫೋನಿನ ಮಾಮೂಲಿ ಲೆನ್ಸು ಅಡ್ಡಕ್ಕೆ ಹಿಡಿದರೆ 70 ಡಿಗ್ರಿಯಷ್ಟು ಆಕಾಶವನ್ನು ಬಾಚಿಕೊಳ್ಳುತ್ತದೆ. ಅಷ್ಟಗಲದಲ್ಲಿ ಸೂರ್ಯ ಕುಂಕುಮದ ಚುಕ್ಕೆಯಾಗದೆ ಇನ್ನೇನಾದಾನು? ಆದ್ದರಿಂದ ಮುಂದೆ ಒಂದು ಮರವೋ ಮನುಷ್ಯನೋ ಇರಬೇಕು ಎಂಬುದು ಪಂಡಿತರ ಸಿದ್ಧಾಂತ. ಇಲ್ಲಿ ಹೆಂಡತಿ ಇದ್ದಾಳೆ, ಒಳ್ಳೆಯದೇ ಆಯಿತು.

“ಈಗ ಸೂರ್ಯನ ಪಕ್ಕದ ಆಕಾಶದ ಮೇಲೆ ಬೆರಳು ಒತ್ತಿ ಹಿಡಿ. ಚೌಕ ಬಂತಾ? ಅದರ ಪಕ್ಕ ಪುಟಾಣಿ ಸೂರ್ಯ ಇದೆ ನೋಡು, ಅದನ್ನ ಕೆಳಕ್ಕೆ ಎಳಿ. ಇನ್ನೂ... ಇನ್ನೂ...”

ಬೆಳ್ಳಗೆ ಸುಟ್ಟುಹೋಗಿದ್ದ ಆಕಾಶಕ್ಕೆ ಕೇಸರಿ ಬಂತು, ಬೆಟ್ಟದ ಸಾಲುಗಳು ಒಂದರ ಹಿಂದೊಂದು ಎದ್ದು ನಿಂತವು. ಹುಡುಗಿ ಓಡಿಬಂದು ನೋಡಿದಳು.

“ಅಯ್ಯೋ, ನನ್ನ ಮುಖಾನೇ ಇಲ್ವಲ್ಲ!”

“ಅದಕ್ಕೇ ಸಿಲೂಯೆಟ್ ಅನ್ನೋದಮ್ಮ.”

“ಮತ್ತೆ ಈ ಸೀರೆ ಯಾಕೆ ಉಟ್ಕೊಂಡು ಬಂದೆ ಅಂಕಲ್?”

ಪಂಡಿತರ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಅಷ್ಟರಲ್ಲಿ ಹಿಂದೆ ಯಾರೋ ಫಳ್ಳೆಂದು ಬೆಳಕು ಹಾಯಿಸಿದ್ದರಿಂದ ಬಚಾವಾದರು. “ಯಾರ್ರೀ ಅದು ಫ್ಲ್ಯಾಶ್? 15 ಕೋಟಿ ಕಿಲೋಮೀಟರ್ ದೂರದ ಸೂರ್ಯಂಗೆ ಬ್ಯಾಟರಿ ಬಿಡ್ತೀರಾ?”

ಇವರ ಶ್ರೀಮತಿಯವರು ಕಟ್ಟೆಯ ಮೂಲೆಯಲ್ಲಿ ಫ್ಲಾಸ್ಕು ತೊಡೆ ಮೇಲಿಟ್ಟುಕೊಂಡು ಕೂತಿರುತ್ತಾರೆ. ಇಡೀ ಜಾಗದಲ್ಲಿ ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡುತ್ತಿರುವವರು ಅವರೊಬ್ಬರೇ ಇರಬೇಕು. “ರೀ, ಸಮುದ್ರಕ್ಕೆ ತಾಗ್ತು. ತಿರುಗ್ರೀ ಈ ಕಡೆ.” ಅಂಚು ನೀರಿಗೆ ತಾಗಿದ ಮೇಲೆ ಸೂರ್ಯ ಪೂರ್ತಿ ಮುಳುಗಲು ಎರಡು ನಿಮಿಷ ಚಿಲ್ಲರೆ ಸಾಕು. ಪಂಡಿತರು ಆ ಎರಡೂ ನಿಮಿಷ ಸೂರ್ಯನಿಗೆ ಬೆನ್ನು ಹಾಕಿ, ಟೆಂಪೋ ಟ್ರಾವೆಲರಿನಲ್ಲಿ ಬಂದ ಕುಟುಂಬವೊಂದಕ್ಕೆ ಗ್ರಿಡ್ ಗೆರೆ ಹಾಕಿಕೊಡುತ್ತಿದ್ದರು.

ಮುಳುಗಿತು. ಜನ ಚಪ್ಪಾಳೆ ತಟ್ಟಿ ಗಾಡಿಗಳತ್ತ ಓಡಿದರು. “ನಿಲ್ರೀ! ನಿಜವಾದ ಬಣ್ಣ ಬರೋದು ಈಗ, ಇನ್ನು ಕಾಲು ಗಂಟೇಲಿ!” ಇದೂ ನಿಜವೇ. ಕೆಳಗಿಳಿದ ಸೂರ್ಯನ ಬೆಳಕು ಮೇಲಿನ ಮೋಡಗಳ ಹೊಟ್ಟೆಗೆ ತಗಲುವುದು ಆಮೇಲೆಯೇ. ಆದರೆ ಕತ್ತಲಾದರೆ ಘಾಟಿ ಇಳಿಯುವುದು ಯಾರು? ಡ್ರೈವರುಗಳು ಹಾರನ್ ಒತ್ತಿದರು. ಕಟ್ಟೆ ಖಾಲಿ.

ಪಡುವಣವೆಲ್ಲ ಕೆಂಪು, ನೇರಳೆ. ಪಂಡಿತರು ಕೊನೆಗೂ ತಮ್ಮ ಫೋನು ಎತ್ತಿದರು. ಸ್ಟೋರೇಜ್ ಫುಲ್.

“ಆ ಗುಡ್ ಮಾರ್ನಿಂಗುಗಳನ್ನ ಅಳಿಸಿ ಅಂತ ಎಷ್ಟು ಸಲ ಬಡ್ಕೊಂಡೆ!” ಅಂದರು ಶ್ರೀಮತಿ, ಕಾಫಿ ಬಗ್ಗಿಸುತ್ತ. ಪಂಡಿತರು ಅಳಿಸತೊಡಗಿದರು. ಗುಲಾಬಿ ಹೋಯಿತು, ಕಪ್ಪು-ಸಾಸರ್ ಹೋಯಿತು. ಗಣಪತಿ ಬಂದಾಗ ಬೆರಳು ತಡೆಯಿತು. ಅಂತೂ ಒಂದು ಫೋಟೋಗೆ ಜಾಗ ಆಯಿತು. ಅದು ಚೆನ್ನಾಗಿಯೇ ಬಂತು, ಸುಳ್ಳೇಕೆ ಹೇಳಲಿ.

ಮಾರನೆಯ ಬೆಳಿಗ್ಗೆ ಐದಕ್ಕೆ ಅದೇ ಫೋಟೋ ಫ್ಯಾಮಿಲಿ ಗ್ರೂಪಿಗೆ ಬಂದಿದೆ, ಮೇಲೆ ಹಳದಿ ಅಕ್ಷರದಲ್ಲಿ ‘ಶುಭೋದಯ’. ಉಡುಪಿಯ ಸೊಸೆ ಕೇಳಿದ್ದಾಳೆ: “ಮಾವ, ಅರಬ್ಬೀ ಸಮುದ್ರದ ಕಡೆ ಬೆಳಗಾಗೋದು ಯಾವಾಗಿಂದ ಶುರುವಾಯ್ತು?”

ಪಂಡಿತರು ಅದಕ್ಕೊಂದು ಹೆಬ್ಬೆರಳು ಒತ್ತಿದ್ದಾರೆ.