ಸುಮ್ನೆ ಒಂದು ಕಂಪ್ಯೂಟರ್

ಅಮೆರಿಕದ ಕನ್ನಡ ಮನೆಯಲ್ಲಿ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದರೆ ಹೊಸ ಕಂಪ್ಯೂಟರ್ ಬರುವುದು ತಡವಾಗುತ್ತದೆ. ಇಬ್ಬರಿದ್ದರೆ ಬರುವುದೇ ಇಲ್ಲ. ನಮ್ಮಲ್ಲಿ ಇಬ್ಬರು. ನಮ್ಮವರು ಯಾವುದೋ ಬ್ಯಾಂಕಿನ ಸರ್ವರುಗಳನ್ನು ಕ್ಲೌಡಿಗೆ ಏರಿಸುವವರು. ಹಾಗೆ ಏರಿದ್ದು ಅಲ್ಲೇ ನಿಂತಿದೆಯೇ ಎಂದು ಟೆಸ್ಟಿಂಗ್ ಮಾಡುವವಳು ನಾನು. ಇಂಥ ಮನೆಗೆ ಅರಸೀಕೆರೆಯಿಂದ ಬಂದಿದ್ದ ಮಾವನವರು ನ್ಯೂಜೆರ್ಸಿಯ ಎಡಿಸನ್ನಿನ ನಮ್ಮ ಡೈನಿಂಗ್ ಟೇಬಲ್ಲಿನಲ್ಲಿ ಒಂದು ಬೆಳಗ್ಗೆ, "ವಾಪಸ್ ಹೋಗುವಾಗ ಒಂದು ಕಂಪ್ಯೂಟರ್ ತಗೊಂಡು ಹೋಗೋಣ ಅಂತಿದೀನಿ ಕಣಮ್ಮ. ದೊಡ್ಡದೇನೂ ಬೇಡ. ಸುಮ್ನೆ ಪೇಪರ್ ಓದಕ್ಕೆ, ಪೆನ್ಷನ್ ಬಂತಾ ಅಂತ ನೋಡಕ್ಕೆ" ಎಂದುಬಿಟ್ಟರು.

ಮಾವನವರಿಗೆ ಬೇಕಾಗಿದ್ದುದು ಇಷ್ಟೇ. ಸಂಜೆಯ ಹೊತ್ತಿಗೆ ನಮ್ಮವರ ಎಕ್ಸೆಲ್ ಶೀಟು ಸಿದ್ಧವಾಗಿತ್ತು. ಪ್ರೊಸೆಸರ್, ರ‍್ಯಾಮ್, ಬ್ಯಾಟರಿ, ತೂಕ, ಪರದೆಯ ಹೊಳಪು ಎಲ್ಲಕ್ಕೂ ಒಂದೊಂದು ಕಾಲಂ. ಯಾವ ಕಾಲಮ್ಮಿನಲ್ಲೂ ಮಾವನವರು ಇರಲಿಲ್ಲ.

"ಹದಿನಾರು ಜಿಬಿ ರ‍್ಯಾಮ್ ಇರಲಿ ಅಪ್ಪ. ಮುಂದಕ್ಕೆ ಬೇಕಾಗುತ್ತೆ."

"ನಂಗೆ ಎಪ್ಪತ್ತಾರು ಕಣೋ. ಎಷ್ಟು ಮುಂದಕ್ಕೆ?"

ಸುದ್ದಿ ಕ್ಯಾಲಿಫೋರ್ನಿಯಾದ ಮೈದುನನಿಗೆ ಮುಟ್ಟಿತು. "ಮ್ಯಾಕ್‌ಬುಕ್ ಏರ್ ತಗೊಳ್ಳಿ ಅತ್ತಿಗೆ, ಹತ್ತು ವರ್ಷ ತಲೆನೋವಿಲ್ಲ" ಎಂದ. ಹೊಸದಾಗಿ ಕೊಂಡರೆ ಅದಕ್ಕೆ ಆಗ 999 ಡಾಲರ್ ಇತ್ತು. ಇಲ್ಲಿಗೆ ಬಂದ ದಿನದಿಂದ ಮಾವನವರ ನಾಲಿಗೆಯ ಮೇಲೆ ಡಾಲರಿಗೆ ಎಂಬತ್ತೆಂಟು ರೂಪಾಯಿಯ ಮಗ್ಗಿ ಕುಣಿಯುತ್ತಿತ್ತು. ಕೊತ್ತಂಬರಿ ಕಟ್ಟಿನಿಂದ ಹಿಡಿದು ಎಲ್ಲವೂ ಅದರಲ್ಲಿ ಗುಣಾಕಾರ ಆಗಲೇಬೇಕು. "ಎಂಬತ್ತೆಂಟು ಸಾವಿರಕ್ಕೆ ಎಷ್ಟು ಅಮೃತಾಂಜನ ಬರುತ್ತೆ, ಅವನಿಗೆ ಲೆಕ್ಕ ಹಾಕು ಅನ್ನು" ಎಂದು ಪೇಪರ್ ಮಡಿಸಿಟ್ಟರು.

ಆರನೇ ಕ್ಲಾಸಿನ ಮಗಳದು ಬೇರೆಯೇ ತೀರ್ಪು. ಸ್ಕೂಲಿನಲ್ಲಿ ಅವರಿಗೆಲ್ಲ ಕ್ರೋಮ್‌ಬುಕ್. ತಾತನಿಗೆ ಅದೇ ಸಾಕು ಎಂದಳು. ನಿಜ ಹೇಳಬೇಕೆಂದರೆ ಇಡೀ ಮನೆಯಲ್ಲಿ ಅರ್ಥವುಳ್ಳ ಮಾತಾಡಿದ ಮೊದಲಿಗಳು ಅವಳೇ. ಬೆಲೆ ಕಡಿಮೆ, ವೈರಸ್ಸಿನ ಕಾಟ ಕಡಿಮೆ, ಈಚಿನ ಮಾಡೆಲ್ಲುಗಳಿಗೆ ಹತ್ತು ವರ್ಷ ಅಪ್‌ಡೇಟ್ ಬರುತ್ತದೆ. ಆ ಹತ್ತು ವರ್ಷದ ಎಣಿಕೆ ನಾವು ಕೊಂಡ ದಿನದಿಂದಲ್ಲ, ಆ ಮಾಡೆಲ್ ಮಾರುಕಟ್ಟೆಗೆ ಬಂದ ಕಾಲದಿಂದ ಶುರು. ಅಗ್ಗವೆಂದು ಹಳೇ ಮಾಲು ತಂದರೆ ಆಯಸ್ಸು ಅರ್ಧ ಅಂಗಡಿಯಲ್ಲೇ ಕಳೆದಿರುತ್ತದೆ. ಮಾವನವರು ಮೊಮ್ಮಗಳ ಮಾತನ್ನು ಗಮನವಿಟ್ಟು ಕೇಳಿ, "ನೆಟ್ ಹೋದಾಗ ಏನು ಮಾಡೋದು ಪುಟ್ಟಿ?" ಎಂದರು.

"ನೆಟ್ ಎಲ್ಲಿಗೆ ಹೋಗುತ್ತೆ ತಾತ?"

ಅರಸೀಕೆರೆಯಲ್ಲಿ ಅದು ಎಲ್ಲೆಲ್ಲಿಗೆ ಹೋಗುತ್ತದೆಂದು ಅವಳಿಗೆ ವಿವರಿಸುವುದರಲ್ಲಿ ಆ ಸಂಜೆ ಮುಗಿಯಿತು.

ಇಷ್ಟರಲ್ಲಿ ಕನ್ನಡ ಕೂಟದ ಸ್ನೇಹಿತರೊಬ್ಬರು ನಮ್ಮ ಬೇಸ್‌ಮೆಂಟಿನ ಹಳೇ ಡೆಸ್ಕ್‌ಟಾಪಿನ ವಾಸನೆ ಹಿಡಿದರು. ಅದರದು ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಸೇವೆ ನಿಂತಿತು. ಅರ್ಜಿ ಹಾಕಿಕೊಂಡವರಿಗೆ ಮಾತ್ರ ಇನ್ನೊಂದು ವರ್ಷ ಭದ್ರತೆಯ ಅಪ್‌ಡೇಟ್. ವಿಂಡೋಸ್ 11 ಹಾಕೋಣವೆಂದರೆ ಪ್ರೊಸೆಸರ್ ಹಳೆಯದು, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಇಲ್ಲ ಎಂದು ಅದು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಗಟ್ಟಿಮುಟ್ಟಾದ ಯಂತ್ರಕ್ಕೆ ನಿವೃತ್ತಿ. ಮಾವನವರೂ ನಿವೃತ್ತ ಹೈಸ್ಕೂಲು ಮೇಷ್ಟ್ರಾದ್ದರಿಂದ ಅದರ ಮೇಲೆ ಅವರಿಗೆ ಸ್ವಲ್ಪ ಮರುಕವೇ ಬಂತು. "ಲಿನಕ್ಸ್ ಹಾಕಿಬಿಡೋಣ, ಪೂರ್ತಿ ಉಚಿತ" ಎಂದು ಸ್ನೇಹಿತರು ಪೆನ್‌ಡ್ರೈವ್ ಹಿಡಿದು ಶನಿವಾರ ಬೆಳಗ್ಗೆಯೇ ಬಂದರು. ಲಿನಕ್ಸ್ ಉಚಿತ ಎಂಬುದು ನಿಜ. ಹಾಕಲು ಬಂದವರಿಗೆ ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಬಿಸಿಬೇಳೆ ಭಾತು, ಸಂಜೆ ಬೋಂಡ, ನಡುನಡುವೆ ಕಾಫಿ. ರಾತ್ರಿ ಪರದೆಯ ಮೇಲೆ ಲಿನಕ್ಸ್ ಮಿಂಟ್ ಹಸಿರಾಗಿ ಬೆಳಗಿತು, ಚೆನ್ನಾಗಿಯೂ ಓಡಿತು. ಆಗ ಮಾವನವರು ಆ ಹತ್ತು ಕೆಜಿ ಡಬ್ಬದ ಸುತ್ತ ಒಂದು ಪ್ರದಕ್ಷಿಣೆ ಬಂದು ಕೇಳಿದರು: "ಇದನ್ನ ಹ್ಯಾಂಡ್ ಬ್ಯಾಗೇಜಲ್ಲಿ ಬಿಡ್ತಾರೇನಪ್ಪ?"

ಲ್ಯಾಪ್‌ಟಾಪೇ ಆಗಬೇಕೆಂದು ಹೀಗೆ ಇತ್ಯರ್ಥವಾಯಿತು. ಕೂಡಲೇ ಕೊಳ್ಳುವಂತಿಲ್ಲ, ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಸೇಲ್ ಇದೆಯಲ್ಲ. ಮಾವನವರ ವಾಪಸ್ ಟಿಕೆಟ್ ಡಿಸೆಂಬರ್ ಮೊದಲ ವಾರಕ್ಕಿತ್ತು.

ಸೇಲಿನ ಜಾಹೀರಾತಿನಲ್ಲಿ ಮಾವನವರ ಬೆರಳು ನೇರ ಹೋಗಿ ಕೂತದ್ದು ನೂರೈವತ್ತು ಡಾಲರಿನದೊಂದರ ಮೇಲೆ. ಅದರಲ್ಲಿ ನಾಲ್ಕು ಜಿಬಿ ರ‍್ಯಾಮ್, ಅರವತ್ತನಾಲ್ಕು ಜಿಬಿ ಜಾಗ. ವಿಂಡೋಸ್ 11 ಕೇಳುವ ಕನಿಷ್ಠ ಅರ್ಹತೆಯೂ ಇದೇ. "ಸರಿಹೋಯ್ತಲ್ಲ?" ಎಂದರು. ನಾನು ಅವರದೇ ಭಾಷೆಯಲ್ಲಿ ಹೇಳಿದೆ: "ಮಾವ, ಇದು ಮೂವತ್ತೈದಕ್ಕೆ ಪಾಸಾದ ಹುಡುಗ." ಮೂವತ್ನಾಲ್ಕು ವರ್ಷ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಗಣಿತ ಹೇಳಿದವರು ಮರುಮಾತಾಡಲಿಲ್ಲ. ಇಂಥವುಗಳ ಪಾಡು ನನಗೆ ಗೊತ್ತು. ವಿಂಡೋಸೇ ಜಾಗದ ದೊಡ್ಡ ಪಾಲು ನುಂಗಿ ಕೂತಿರುತ್ತದೆ. ಮೊದಲ ದೊಡ್ಡ ಅಪ್‌ಡೇಟ್ ಬಂದಾಗ ಇಡಲು ಜಾಗವಿಲ್ಲ. ಬ್ರೌಸರಿನಲ್ಲಿ ನಾಲ್ಕು ಕಿಟಕಿ ತೆರೆದರೆ ಯಂತ್ರ ಧ್ಯಾನಕ್ಕೆ ಕೂರುತ್ತದೆ. ಎಂಟು ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಇಷ್ಟಿದ್ದರೆ ಪೇಪರು, ಪೆನ್ಷನ್ನು, ವಿಡಿಯೊ ಕಾಲ್ ಎಲ್ಲಕ್ಕೂ ಧಾರಾಳ. ಪ್ರೊಸೆಸರಿನ ಹೆಸರಿಗೆ ಸಾವಿರ ಡಾಲರ್ ಸುರಿಯುವುದು ಅಂಗಡಿಯವರ ಕ್ಷೇಮಕ್ಕೆ ಮಾತ್ರ. ನಮ್ಮವರು ಇದನ್ನು ಇಂದಿಗೂ ಒಪ್ಪಿಲ್ಲ.

ರೂಟ್ ಒಂದರ ಮೇಲಿನ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಕುಟುಂಬ ಸಮೇತ ಹೋದೆವು. ನಮ್ಮವರು ಫೋನಿನಲ್ಲಿ ಎಕ್ಸೆಲ್ ಹಿಡಿದಿದ್ದರು. ಮಾವನವರು ಬೆಲೆಪಟ್ಟಿ ಓದುತ್ತಿದ್ದರು. ಅಷ್ಟು ದಿನ ಈ ವಿಚಾರದಲ್ಲಿ ಬಾಯಿ ಬಿಡದಿದ್ದ ಅತ್ತೆ ಮಾತ್ರ ಸ್ವೆಟರಿನ ತೋಳು ಮೇಲೆಳೆದುಕೊಂಡು, ಸಾಲಾಗಿಟ್ಟಿದ್ದ ಲ್ಯಾಪ್‌ಟಾಪುಗಳಲ್ಲಿ ಮೊದಲನೆಯದರ ಮುಂದೆ ನೆಟ್ಟಗೆ ನಿಂತು, ಹತ್ತೂ ಬೆರಳು ಇಟ್ಟರು. ಎ ಎಸ್ ಡಿ ಎಫ್, ಸೆಮಿಕೋಲನ್ ಎಲ್ ಕೆ ಜೆ. ಮತ್ತೆ ಎ ಎಸ್ ಡಿ ಎಫ್. ಕೀಲಿ ನೋಡದೆ, ಪರದೆಯನ್ನಷ್ಟೇ ನೋಡುತ್ತಾ. ಮದುವೆಗೆ ಮುಂಚೆ ಜೂನಿಯರ್ ಟೈಪಿಂಗ್ ಪಾಸಾಗಿದ್ದರಂತೆ.

"ಇದು ಚಪ್ಪಟೆ, ಒತ್ತಿದ್ದೇ ಗೊತ್ತಾಗಲ್ಲ." ಮುಂದಿನದು. "ಇದರ ಪರದೇಲಿ ಲೈಟೇ ಕಾಣುತ್ತೆ, ಅಕ್ಷರ ಕಾಣಲ್ಲ." ಮುಂದಿನದು. ಎಕ್ಸೆಲ್ಲಿನ ಅಗ್ರಗಣ್ಯರೆಲ್ಲ ಹೀಗೆ ಒಬ್ಬೊಬ್ಬರಾಗಿ ಉರುಳಿದರು. ನಾಲ್ಕನೆಯದರ ಹತ್ತಿರ ಬೆರಳು ನಿಲ್ಲದೆ ಓಡಿತು. ಹದಿನೈದೂವರೆ ಇಂಚಿನ ಪರದೆ, ಎಂಟು ಜಿಬಿ, ಬೆಲೆ 349.99. "ಇದು ಆಗಬಹುದು" ಎಂದರು. ಅವರಿಗೇಕೆ ಟೈಪಿಂಗ್ ಎಂದು ಆಗಲೇ ನಾವು ಕೇಳಿದ್ದು. ತಾಯಿಯಿಂದ ಕಲಿತ ಹಸೆ ಹಾಡು, ಆರತಿ ಹಾಡುಗಳ ನೋಟ್‌ಬುಕ್ಕು ಪುಡಿಯಾಗುತ್ತಿದೆ, ಅದನ್ನು ಟೈಪ್ ಮಾಡಿ ಇಡಬೇಕಂತೆ.

ಬಿಲ್ಲು 373.18 ಬಂತು. "349 ಅಂತ ಹಾಕಿದಾರೆ?" ಎಂದರು ಮಾವ. ನ್ಯೂಜೆರ್ಸಿಯಲ್ಲಿ ಶೇಕಡ 6.625 ಮಾರಾಟ ತೆರಿಗೆ, ಅದು ಬಿಲ್ಲಿನಲ್ಲಷ್ಟೇ ಕಾಣುವುದು ಎಂದೆ. "ನಮ್ಮಲ್ಲಿ ಬಿಸ್ಕತ್ ಪೊಟ್ಟಣದ ಮೇಲೂ ಎಲ್ಲ ತೆರಿಗೆ ಸೇರಿ ಅಂತ ಬರೆದಿರ್ತಾರೆ!" ಬ್ಯಾಗು, ಮೌಸು ಪುಕ್ಕಟೆ ಕೊಡುವುದಿಲ್ಲವೆಂದಾಗ ಅವರಿಗೆ ಬೆಂಗಳೂರಿನ ಎಸ್‌ಪಿ ರೋಡು ಬಹಳ ನೆನಪಾಯಿತು.

ಮನೆಗೆ ಬಂದು ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶ ಹಾಕಲು ಹೋದರೆ ಯಂತ್ರ ಒಪ್ಪಲಿಲ್ಲ. ಅಗ್ಗದ ಲ್ಯಾಪ್‌ಟಾಪುಗಳು ಎಷ್ಟೋ ಸಲ ‘ಎಸ್ ಮೋಡ್’ನಲ್ಲಿ ಬರುತ್ತವೆ, ಮೈಕ್ರೋಸಾಫ್ಟ್ ಅಂಗಡಿಯ ಸರಕಲ್ಲದೆ ಬೇರೇನನ್ನೂ ಒಳಗೆ ಸೇರಿಸುವುದಿಲ್ಲ. ಅದನ್ನು ಕಾಸಿಲ್ಲದೆ ತೆಗೆಯಬಹುದು, ತೆಗೆದ ಮೇಲೆ ಹಿಂದಕ್ಕೆ ದಾರಿಯಿಲ್ಲ. ಇಂಜಿನಿಯರ್ ದಂಪತಿ ಸಾಧಕ ಬಾಧಕ ಚರ್ಚಿಸುತ್ತಿರುವಾಗ ಪುಟ್ಟಿ ತೆಗೆದುಹಾಕಿ ಹಾಲು ಕುಡಿಯಲು ಹೋದಳು.

ನುಡಿ ಬಳಸುವ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಬೇಕೆಂದರೆ ನಡುವೆ ‘ಎಫ್’ ಒತ್ತಬೇಕು. ಟೈಪಿಂಗ್ ಕಲಿತವರ ಎಡಗೈ ತೋರುಬೆರಳು ‘ಎಫ್’ ಮೇಲೆಯೇ ಕೂತಿರುತ್ತದೆ. ಅತ್ತೆಗೆ ಒಂದು ಮಧ್ಯಾಹ್ನ ಸಾಕಾಯಿತು. ಮಾವನವರು ಪೆನ್‌ಡ್ರೈವಿನಲ್ಲಿ ತಂದಿದ್ದ ವಂಶಾವಳಿ ಮಾತ್ರ ಯೂನಿಕೋಡ್ ಬರುವ ಮುಂಚಿನ ಫಾಂಟಿನದು. ತೆರೆದರೆ ಮೂಲಪುರುಷರಿಂದ ಹಿಡಿದು ಎಲ್ಲರೂ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದರು. ಪರಿವರ್ತಕದಲ್ಲಿ ಹಾಕಿ ತೆಗೆದ ಮೇಲೆ ಮನುಷ್ಯರಾದರು.

ಕಸ್ಟಮ್ಸಿನವರು ಹಿಡಿದರೆ ಎಂಬ ಭಯ ವಿಮಾನ ಹತ್ತುವವರೆಗೂ ಮಾವನವರಿಗಿತ್ತು. ಹದಿನೆಂಟು ದಾಟಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಒಯ್ಯಬಹುದು. ಚಾರ್ಜರ್ 100ರಿಂದ 240 ವೋಲ್ಟಿನವರೆಗೆ ತಡೆಯುತ್ತದೆ, ಪ್ಲಗ್ಗಿಗೊಂದು ಅಡಾಪ್ಟರ್ ಸಾಕು. ಈಗ ಅರಸೀಕೆರೆಯಲ್ಲಿ ಅದರ ಪಾಸ್‌ವರ್ಡ್ ಅತ್ತೆಯ ಹತ್ತಿರ ಇದೆ. ಮಾವನವರು ಪೇಪರನ್ನು ಫೋನಿನಲ್ಲೇ ಓದುತ್ತಾರೆ.

ಇನ್ನು ಆ ಬೇಸ್‌ಮೆಂಟಿನ ಡೆಸ್ಕ್‌ಟಾಪ್. ನ್ಯೂಜೆರ್ಸಿಯಲ್ಲಿ 2011ರಿಂದ ಕಂಪ್ಯೂಟರನ್ನು ಮನೆಯ ಕಸಕ್ಕೆ ಹಾಕುವಂತಿಲ್ಲ, ಕಾನೂನಿದೆ. ಎಡಿಸನ್ ಸುತ್ತಮುತ್ತಲಿನ ಕನ್ನಡಿಗರಿಗೆ ಯಾರಿಗಾದರೂ ಬೇಕಿದ್ದರೆ ಬಂದು ಒಯ್ಯಿರಿ. ಲಿನಕ್ಸ್ ಹಾಕಿಯಾಗಿದೆ. ಊಟ ಮಾಡಿಕೊಂಡೇ ಬನ್ನಿ.